ಸಾಣೆ ಹಿಡಿಯುವವನ ಮಗ ಎಳೆದ ಗುಟ್ಟಿನ ಗೆರೆ: ಗಾಸ್ಪಾರ್ ಮೊಂಜ್ ಬದುಕು

ಇಂಜಿನಿಯರಿಂಗ್ ಮೊದಲ ವರ್ಷ ಓದಿದವರಿಗೆ ಆ ಗೆರೆ ನೆನಪಿರುತ್ತೆ. ಹಾಳೆಯ ನಡುವೆ ಅಡ್ಡಕ್ಕೆ ಒಂದು ಗೆರೆ, ಎಡತುದಿಗೆ ಎಕ್ಸ್, ಬಲತುದಿಗೆ ವೈ. ಗೆರೆಯ ಮೇಲೆ ವಸ್ತುವಿನ ಎದುರುನೋಟ, ಕೆಳಗೆ ಮೇಲ್ನೋಟ. ಎರಡನ್ನೂ ಜೋಡಿಸುವ ಸಣ್ಣ ಸಣ್ಣ ಲಂಬ ಗೆರೆಗಳು. ಯಾಕೆ ಹೀಗೆ ಅಂತ ಕೇಳಿದರೆ ಪರೀಕ್ಷೆಗೆ ಬರುತ್ತೆ ಅಂತಷ್ಟೇ ಉತ್ತರ. ಡ್ರಾಫ್ಟರ್ ಹೊತ್ತುಕೊಂಡು ಬಸ್ಸು ಹತ್ತಿದ ಲಕ್ಷಾಂತರ ಹುಡುಗ ಹುಡುಗಿಯರು ಈ ಗೆರೆಯನ್ನು ಬೈದುಕೊಂಡೇ ಎಳೆದಿದ್ದಾರೆ. ಒಂದು ಕಾಲದಲ್ಲಿ ಈ ಗೆರೆ ಎಳೆಯುವ ವಿದ್ಯೆ ಫ್ರೆಂಚ್ ಸೇನೆಯ ಗುಟ್ಟಾಗಿತ್ತು, ಹೊರಗಿನವರಿಗೆ ಹೇಳಿಕೊಡುವಂತಿರಲಿಲ್ಲ ಅನ್ನುವುದು ಅವರಲ್ಲಿ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ.

ಇವತ್ತು ಹಾಳೆ ಹೋಗಿ ಪರದೆ ಬಂದಿದೆ. ಕ್ಯಾಡ್‌ನಲ್ಲಿ ಕೆಲಸ ಮಾಡುವವರ ನಡುವೆ ಒಂದು ಮಾತು ಓಡಾಡುತ್ತೆ: ಸ್ಕೆಲಿಟನ್ ಮಾಡೆಲಿಂಗ್. ಹೆಸರು ಭಯಂಕರವಾಗಿದ್ದರೂ ವಿಷಯ ಸರಳ. ಒಂದು ಬೈಕ್ ವಿನ್ಯಾಸ ಮಾಡಬೇಕು ಅಂದುಕೊಳ್ಳಿ. ಮೊದಲು ಫ್ರೇಮ್ ಮಾಡಿ, ಅದಕ್ಕೆ ಹೊಂದುವ ಫೋರ್ಕ್ ಮಾಡಿ, ಫೋರ್ಕ್‌ಗೆ ಹೊಂದುವ ಚಕ್ರ, ಚಕ್ರಕ್ಕೆ ಹೊಂದುವ ಮಡ್‌ಗಾರ್ಡ್ ಅಂತ ಒಂದರ ಬಾಲ ಒಂದು ಹಿಡಿದು ಹೋಗಬಹುದು. ಎಲ್ಲ ಮುಗಿದ ಮೇಲೆ ಚಕ್ರಗಳ ನಡುವಿನ ಅಂತರ 2 ಸೆಂಟಿಮೀಟರ್ ಹೆಚ್ಚಿಸಿ ಅಂತ ಮೇಲಿನಿಂದ ಆದೇಶ ಬಂತೋ, ಅಲ್ಲಿಗೆ ಕತೆ ಮುಗಿಯಿತು. ಒಂದು ಭಾಗ ಇನ್ನೊಂದನ್ನು ಎಳೆಯುತ್ತೆ, ಅದು ಮತ್ತೊಂದನ್ನು ಒಡೆಯುತ್ತೆ, ಕೊನೆಗೆ ಸುತ್ತಿ ಮೊದಲಿನದಕ್ಕೇ ಬಂದು ನಿಲ್ಲುತ್ತೆ. ಪರದೆ ತುಂಬ ಕೆಂಪು ಎಚ್ಚರಿಕೆಗಳು.

ಅನುಭವಸ್ಥರು ಹೀಗೆ ಮಾಡುವುದಿಲ್ಲ. ಅವರು ಮೊದಲು ಒಂದು ಖಾಲಿ ಕಡತದಲ್ಲಿ ಮಾಸ್ಟರ್ ಸ್ಕೆಚ್ ಎಳೆಯುತ್ತಾರೆ. ಎರಡು ಚಕ್ರಗಳ ಕೇಂದ್ರ, ಹ್ಯಾಂಡಲ್ ತಿರುಗುವ ಅಕ್ಷ, ಸೀಟಿನ ಎತ್ತರ, ನೆಲದ ಗೆರೆ. ಅಲ್ಲಿ ಲೋಹವಿಲ್ಲ, ದಪ್ಪವಿಲ್ಲ. ಬಿಂದು, ಗೆರೆ, ಸಮತಲ ಇಷ್ಟೇ. ಅದೇ ಅಸ್ಥಿಪಂಜರ. ಪ್ರತಿಯೊಂದು ಭಾಗವೂ ಪಕ್ಕದ ಭಾಗವನ್ನು ನೋಡದೆ ನೇರವಾಗಿ ಈ ಪಂಜರವನ್ನು ನೋಡಿ ತನ್ನ ಆಕಾರ ಪಡೆಯುತ್ತೆ. ಪಂಜರದಲ್ಲಿ ಒಂದು ಅಳತೆ ಬದಲಿಸಿದರೆ ಸರಿಯಾಗಿ ಕಟ್ಟಿದ ಇಡೀ ಬೈಕ್ ತಾನಾಗಿ ಬದಲಾಗುತ್ತೆ.

1980ರ ದಶಕದ ಕೊನೆಯಲ್ಲಿ ಬಂದ ಪ್ಯಾರಾಮೆಟ್ರಿಕ್ ಸಾಫ್ಟ್‌ವೇರ್‌ಗಳು ಇದನ್ನು ಕಂಪ್ಯೂಟರಿನೊಳಗೆ ಸಾಧ್ಯವಾಗಿಸಿದವು, ನಿಜ. ಆದರೆ ಒಂದೇ ಮೂಲಚಿತ್ರದಿಂದ ಎಲ್ಲ ಭಾಗಗಳನ್ನು ಹುಟ್ಟಿಸುವ ಯೋಚನೆ ಅದಕ್ಕಿಂತ ಬಹಳ ಹಳೆಯದು. ಅದನ್ನು ಎಲ್ಲರೂ ಕಲಿಯಬಹುದಾದ ಒಂದು ಶಾಸ್ತ್ರವನ್ನಾಗಿ ಮಾಡಿದವನು ಗಾಸ್ಪಾರ್ ಮೊಂಜ್. ಅವನ ಬದುಕು ಬರೀ ರೇಖಾಗಣಿತದ ಕತೆ ಅಲ್ಲ. ಮಾಸ್ಟರ್ ಸ್ಕೆಚ್ ಯಾರ ಕೈಯಲ್ಲಿರಬೇಕು ಅನ್ನುವುದು ಕೂಡ ಅಲ್ಲಿ ಇದೆ. ಈ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಒಂದೇ ಅಲ್ಲ, ಒಂದಕ್ಕೊಂದು ಹೊಂದುವುದೂ ಇಲ್ಲ.

ಮೊಂಜ್ ಹುಟ್ಟಿದ್ದು 1746ರ ಮೇ ತಿಂಗಳಲ್ಲಿ, ಫ್ರಾನ್ಸ್‌ನ ಬರ್ಗಂಡಿ ಸೀಮೆಯ ಬೋನ್ ಎಂಬ ಊರಲ್ಲಿ. ದ್ರಾಕ್ಷಿತೋಟ, ವೈನ್‌ಗೆ ಹೆಸರಾದ ಊರು. ಅಪ್ಪ ಜಾಕ್ ಮೊಂಜ್ ಬೇರೆ ಕಡೆಯಿಂದ ವಲಸೆ ಬಂದು ಊರೂರು ತಿರುಗಿ ಸಾಮಾನು ಮಾರುತ್ತಿದ್ದ, ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದ ಅಂತ ಜೀವನಚರಿತ್ರೆಗಳು ಹೇಳುತ್ತವೆ. ಆದರೆ ಮಕ್ಕಳ ಓದಿನ ವಿಷಯದಲ್ಲಿ ಅಪ್ಪ ಹಠವಾದಿ. ಮಕ್ಕಳು ಊರಿನ ಪಾದ್ರಿಗಳ ಕಾಲೇಜಿಗೆ ಹೋದರು. ಗಾಸ್ಪಾರ್ ಅಲ್ಲಿಂದ ಲಿಯೋನ್‌ಗೆ ಹೋಗಿ ಹದಿಹರೆಯದಲ್ಲೇ ಭೌತಶಾಸ್ತ್ರ ಪಾಠ ಮಾಡಿದ.

ರಜೆಯಲ್ಲಿ ಊರಿಗೆ ಬಂದವನು ಒಂದು ಕೆಲಸಕ್ಕೆ ಕೈಹಾಕಿದ. ಬೋನ್ ಪಟ್ಟಣದ ದೊಡ್ಡ ಅಳತೆಯ ನಕ್ಷೆ. ಬೇಕಾದ ಉಪಕರಣಗಳನ್ನು ತಾನೇ ಮಾಡಿಕೊಂಡ. ಆ ನಕ್ಷೆ ಸೇನೆಯ ಒಬ್ಬ ಇಂಜಿನಿಯರ್ ಅಧಿಕಾರಿಯ ಕಣ್ಣಿಗೆ ಬಿತ್ತು. ಇಂಥ ಹುಡುಗ ಮೆಝಿಯೇರ್‌ನ ಸೇನಾ ಇಂಜಿನಿಯರಿಂಗ್ ಶಾಲೆಯಲ್ಲಿ ಇರಬೇಕು ಅಂತ ಅವನಿಗೆ ಅನ್ನಿಸಿತು. ಸರಿ, ಹುಡುಗ ಹೋದ. ಹೋಗಿ ನೋಡಿದರೆ ಅಲ್ಲಿ ಎರಡು ಬಾಗಿಲು.

ಒಂದು ಬಾಗಿಲು ಅಧಿಕಾರಿಗಳಾಗುವವರಿಗೆ. ಅದರೊಳಗೆ ಹೋಗಲು ಬುದ್ಧಿ ಸಾಲದು, ಮನೆತನ ಬೇಕು. ಸಾಣೆ ಹಿಡಿಯುವವನ ಮಗನಿಗೆ ಆ ಬಾಗಿಲು ಮುಚ್ಚಿತ್ತು. ಇನ್ನೊಂದು ಬಾಗಿಲು ನಕ್ಷೆ ಬರೆಯುವವರು, ಗಾರೆ ಮಾದರಿ ಮಾಡುವವರು, ಮೇಸ್ತ್ರಿಗಳಾಗುವವರದು. ಗಾರೆ ಕಲಸುವ ಕೆಲಸದ ಹೆಸರನ್ನೇ ಅಡ್ಡಹೆಸರು ಮಾಡಿ ಆ ವಿಭಾಗವನ್ನು ಅಲ್ಲಿನವರು ಗೇಲಿ ಮಾಡುತ್ತಿದ್ದರು. ಮೊಂಜ್‌ಗೆ ಸಿಕ್ಕಿದ್ದು ಇದು. ತನ್ನ ಕೈಯನ್ನಷ್ಟೇ ಹೊಗಳುತ್ತಾರೆ, ತಲೆಯನ್ನಲ್ಲ ಅನ್ನುವ ಕಹಿ ಅವನೊಳಗೆ ಬಹಳ ವರ್ಷ ಉಳಿಯಿತು. ನಮ್ಮಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೈಕೆಲಸದವರನ್ನು ಒಂದು ಕಡೆ, ವಿದ್ಯೆಯವರನ್ನು ಇನ್ನೊಂದು ಕಡೆ ಕೂರಿಸುವ ವ್ಯವಸ್ಥೆಯನ್ನು ನಾವು ಜಾತಿಯ ರೂಪದಲ್ಲಿ ಚೆನ್ನಾಗಿ ಬಲ್ಲೆವು. ಅಲ್ಲಿ ಅದರ ಹೆಸರು ಬೇರೆ ಇತ್ತು.

ಆಗ ಬಂತು ಕೋಟೆಯ ಲೆಕ್ಕ. ಒಂದು ಕೋಟೆ ಕಟ್ಟಬೇಕು, ಸುತ್ತ ಗುಡ್ಡಗಳಿವೆ. ಗುಡ್ಡದ ಮೇಲೆ ಶತ್ರು ಫಿರಂಗಿ ಇಟ್ಟರೂ ಕೋಟೆಯೊಳಗಿನ ಸೈನಿಕ ಅವನ ಕಣ್ಣಿಗೆ ಬೀಳಬಾರದು. ಹಾಗಾದರೆ ಯಾವ ಗೋಡೆ ಎಲ್ಲಿ ಎಷ್ಟು ಎತ್ತರ ಇರಬೇಕು? ಕಡಿಮೆಯಾದರೆ ಜನ ಸಾಯುತ್ತಾರೆ, ಹೆಚ್ಚಾದರೆ ಕಲ್ಲು, ಕೂಲಿ, ದುಡ್ಡು ದಂಡ. ಒಂದು ಗೋಡೆ ಎತ್ತರಿಸಿದರೆ ಪಕ್ಕದ್ದನ್ನೂ ನೋಡಬೇಕು. ಅಲ್ಲಿಯತನಕ ಇದನ್ನು ಬಿಂದು ಬಿಂದುವಾಗಿ ಅಳೆದು, ಪುಟಗಟ್ಟಲೆ ಅಂಕಗಣಿತ ಹಾಕಿ ಬಿಡಿಸುತ್ತಿದ್ದರು. ಒಂದರ ಬಾಲ ಒಂದು ಹಿಡಿದ ಬೈಕ್ ನೆನಪಿಸಿಕೊಳ್ಳಿ, ಅದೇ ಪಾಡು.

ಮೊಂಜ್ ಲೆಕ್ಕ ಹಾಕಲಿಲ್ಲ, ಚಿತ್ರ ಬರೆದ. ಸುತ್ತಲಿನ ಎತ್ತರಗಳನ್ನು ಸವರಿಕೊಂಡು ಕೋಟೆಯ ಮೇಲೆ ಹಾಯುವ ಒಂದು ಓರೆ ಸಮತಲವನ್ನು ಗಾಳಿಯಲ್ಲಿ ಕಲ್ಪಿಸಿಕೊಳ್ಳುವುದು. ಆ ಸಮತಲ ಎಲ್ಲಿದೆ ಅಂತ ಕಾಗದದ ಮೇಲೆ ಖಚಿತವಾಗಿ ಗುರುತಿಸಿದರೆ ಸಾಕು, ಪ್ರತಿ ಗೋಡೆಯ ಎತ್ತರವೂ ಅದರಿಂದಲೇ ಬರುತ್ತೆ. ಗೋಡೆ ಗೋಡೆಯನ್ನು ನೋಡಬೇಕಾಗಿಲ್ಲ. ಎಲ್ಲ ಗೋಡೆಗಳೂ ಕಣ್ಣಿಗೆ ಕಾಣದ ಆ ಒಂದೇ ಸಮತಲವನ್ನು ನೋಡುತ್ತವೆ. ಇವತ್ತಿನ ಕ್ಯಾಡ್ ಭಾಷೆಯಲ್ಲಿ ಇದು ಅಪ್ಪಟ ಡೇಟಮ್ ಪ್ಲೇನ್.

ಕೆಲಸ ಎಷ್ಟು ಬೇಗ ಮುಗಿಯಿತೆಂದರೆ ಮೇಲಧಿಕಾರಿ ಅದನ್ನು ತೆರೆದು ನೋಡುವುದಕ್ಕೂ ಒಪ್ಪಲಿಲ್ಲವಂತೆ. ಇಷ್ಟು ಹೊತ್ತಿನಲ್ಲಿ ಆ ಲೆಕ್ಕ ಮಾಡಲು ಯಾರಿಂದಲೂ ಆಗುವುದಿಲ್ಲ, ಹುಡುಗ ಏನೋ ಕಳ್ಳದಾರಿ ಹಿಡಿದಿದ್ದಾನೆ ಅನ್ನುವುದು ಅವನ ಅನುಮಾನ. ಲೆಕ್ಕವನ್ನೇ ಮಾಡಿಲ್ಲ, ಬೇರೆ ದಾರಿ ಹಿಡಿದಿದ್ದೇನೆ ಅಂತ ಮೊಂಜ್ ಪಟ್ಟುಹಿಡಿದ ಮೇಲೆ ಪರಿಶೀಲಿಸಿದರು. ಸರಿಯಾಗಿತ್ತು. ಬಹುಮಾನವಾಗಿ ಪಾಠ ಹೇಳುವ ಕೆಲಸ ಸಿಕ್ಕಿತು, ಜೊತೆಗೆ ಒಂದು ಷರತ್ತು: ಈ ವಿಧಾನ ಶಾಲೆಯ ಗೋಡೆ ದಾಟಬಾರದು. ಬೇರೆ ದೇಶದವರಿಗೆ ಇರಲಿ, ಫ್ರಾನ್ಸಿನ ಸಾಮಾನ್ಯ ಕಲ್ಲುಕುಟಿಗನಿಗೂ ಸಿಗಬಾರದು.

ಇಲ್ಲಿ ಕಲ್ಲುಕುಟಿಗರ ಮಾತು ಸುಮ್ಮನೆ ತರುತ್ತಿಲ್ಲ. ಕಮಾನು, ಗುಮ್ಮಟ, ಸುರುಳಿ ಮೆಟ್ಟಿಲು ಕಟ್ಟುವವರು ಶತಮಾನಗಳಿಂದ ನೆಲದ ಮೇಲೆ ಅಥವಾ ಗೋಡೆಯ ಮೇಲೆ ಇಡೀ ಕಮಾನಿನ ನಿಜಗಾತ್ರದ ಚಿತ್ರ ಎಳೆಯುತ್ತಿದ್ದರು. ಪ್ರತಿ ಕಲ್ಲಿನ ಪ್ರತಿ ಮುಖದ ಅಚ್ಚನ್ನು ಆ ಚಿತ್ರದಿಂದ ತೆಗೆದು, ಕಲ್ಲನ್ನು ಕೆಳಗೇ ಕೆತ್ತಿ, ಮೇಲೆ ಒಯ್ದು ಕೂರಿಸಿದರೆ ಸಂದು ಬಿಡದೆ ಕೂರಬೇಕು. ಬಡಗಿಗಳು ಮಾಡಿನ ತೊಲೆಗಳಿಗೂ, ಹಡಗು ಕಟ್ಟುವವರು ಹಡಗಿನ ಪಕ್ಕೆಲುಬುಗಳಿಗೂ ಇದೇ ಜಾಣ್ಮೆ ಬಳಸುತ್ತಿದ್ದರು. ಅಸ್ಥಿಪಂಜರ ಅನ್ನುವ ಪದ ಹಡಗಿಗೆ ಇನ್ನೂ ಚೆನ್ನಾಗಿ ಹೊಂದುತ್ತೆ. ಅಂದರೆ ಮಾಸ್ಟರ್ ಸ್ಕೆಚ್ ಮೊದಲು ಇದ್ದದ್ದು ದುಡಿಯುವವರ ಬಳಿ. ಆದರೆ ಕಲ್ಲಿನವರ ಪದ್ಧತಿ ಬಡಗಿಗೆ ಗೊತ್ತಿಲ್ಲ, ಬಡಗಿಯದು ಹಡಗಿನವನಿಗೆ ಗೊತ್ತಿಲ್ಲ. ಪ್ರತಿ ಕಸುಬಿನ ಸಂಘ ತನ್ನ ಗುಟ್ಟನ್ನು ತಾನು ಕಾಯುತ್ತಿತ್ತು.

ಮೊಂಜ್ ಕಂಡದ್ದು ಇವೆಲ್ಲದರ ಕೆಳಗಿನ ಒಂದೇ ವ್ಯಾಕರಣ. ಎರಡು ಸಮತಲ ಸಾಕು: ಒಂದು ಅಡ್ಡ, ಒಂದು ಲಂಬ. ವಸ್ತುವಿನ ನೆರಳನ್ನು ಎರಡರ ಮೇಲೂ ನೇರವಾಗಿ ಇಳಿಸಿ, ಲಂಬವಾದದ್ದನ್ನು ಮಡಚಿ ಅಡ್ಡದ್ದರ ಪಕ್ಕ ಮಲಗಿಸಿದರೆ ಮೂರು ಆಯಾಮದ ವಸ್ತು ಒಂದೇ ಹಾಳೆಯಲ್ಲಿ ಕೂರುತ್ತೆ. ಮಡಚಿದ ಜಾಗವೇ ನಮ್ಮ ಎಕ್ಸ್-ವೈ ಗೆರೆ. ಹಾಗೆ ಇಟ್ಟ ಚಿತ್ರದಿಂದ ಎರಡು ಕೊಳವೆಗಳು ಎಲ್ಲಿ ಸಂಧಿಸುತ್ತವೆ, ಯಾವ ಅಂಚಿನ ನಿಜವಾದ ಉದ್ದ ಎಷ್ಟು ಅಂತ ಅಳೆದು ತೆಗೆಯಬಹುದು. ಇದಕ್ಕೆ ವಿವರಣಾತ್ಮಕ ರೇಖಾಗಣಿತ ಅಂತ ಹೆಸರಾಯಿತು. ಹೆಸರು ಸಪ್ಪೆ, ಒಪ್ಪಿಕೊಳ್ಳೋಣ.

ಮುಂದಿನ ವರ್ಷಗಳನ್ನು ಬೇಗ ದಾಟೋಣ. 1777ರಲ್ಲಿ ಕಾತ್ರೀನ್ ಉವಾರ್ ಎಂಬ ವಿಧವೆಯನ್ನು ಮದುವೆಯಾದ. 1780ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಸೇರಿದ. ಮಣ್ಣನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಡಿಮೆ ಖರ್ಚಿನಲ್ಲಿ ಸಾಗಿಸುವುದು ಹೇಗೆ ಅಂತ 1781ರಲ್ಲಿ ಬರೆದ ಪ್ರಬಂಧ ಇವತ್ತು ಮಷೀನ್ ಲರ್ನಿಂಗ್‌ನವರ ಕೈಯಲ್ಲಿ ಮರುಹುಟ್ಟು ಪಡೆದಿದೆ. 1783ರಲ್ಲಿ ನೌಕಾಪಡೆಗೆ ಸೇರುವ ಹುಡುಗರ ಪರೀಕ್ಷಕನಾದ. ಆಗ ಅಧಿಕಾರಿಗಳಾಗಲು ಬರುತ್ತಿದ್ದವರು ಹೆಚ್ಚಾಗಿ ಸಿರಿವಂತ ಕುಲೀನರ ಮಕ್ಕಳು. ವಿಷಯ ಗೊತ್ತಿಲ್ಲದವನನ್ನು ಮೊಂಜ್ ಪಾಸು ಮಾಡುತ್ತಿರಲಿಲ್ಲ, ಶಿಫಾರಸು ಬಂದರೂ ಬಗ್ಗುತ್ತಿರಲಿಲ್ಲ ಅನ್ನುವುದು ಅವನಿಗಿದ್ದ ಖ್ಯಾತಿ. ಹಿಂದೆ ಮುಚ್ಚಿದ್ದ ಬಾಗಿಲಿನ ಚಿಲಕ ಈಗ ಅವನ ಕೈಗೆ ಬಂದಿತ್ತು.

1789ರ ಕ್ರಾಂತಿಯನ್ನು ಅವನು ಅರೆಮನಸ್ಸಿನಿಂದ ಸ್ವಾಗತಿಸಲಿಲ್ಲ, ಒಳಗೇ ಇಳಿದ. ಜಾಕೋಬಿನ್ ಕ್ಲಬ್ಬಿನ ಸದಸ್ಯನಾದ. ಊರಿಗೊಂದು ಅಳತೆ, ಜಮೀನ್ದಾರನಿಗೊಂದು ತೂಕ ಇದ್ದ ದೇಶದಲ್ಲಿ ಒಂದೇ ಮಾಪನ ತರಲು ಅಕಾಡೆಮಿ ಮಾಡಿದ ಸಮಿತಿಯಲ್ಲಿ ಲಗ್ರಾಂಜ್, ಲಾಪ್ಲಾಸ್, ಕೊಂಡೋರ್ಸೆ ಜೊತೆಗೆ ಮೊಂಜ್ ಕೂಡ ಇದ್ದ. ಮೀಟರ್ ಹುಟ್ಟಿದ್ದು ಅಲ್ಲಿ. ಮೀಟರ್ ಕೂಡ ಒಂದು ಮಾಸ್ಟರ್ ಸ್ಕೆಚ್ಚೇ ಅಲ್ಲವೇ? ಅಕ್ಕಪಕ್ಕದವರ ಗಜಕೋಲು ನೋಡಬೇಡಿ, ಎಲ್ಲರೂ ಇದನ್ನು ನೋಡಿ ಅನ್ನುವುದು.

1792ರ ಆಗಸ್ಟ್‌ನಲ್ಲಿ ರಾಜಪ್ರಭುತ್ವ ಉರುಳಿದಾಗ ಮೊಂಜ್‌ನನ್ನು ನೌಕಾ ಮಂತ್ರಿ ಮಾಡಿದರು. ಚೆನ್ನಾಗಿ ಮಾಡಿದನೇ? ಇಲ್ಲ. ಅಧಿಕಾರಿಗಳು ದೇಶ ಬಿಟ್ಟು ಓಡುತ್ತಿದ್ದರು, ಹಡಗುಗಳಲ್ಲಿ ಶಿಸ್ತು ಇರಲಿಲ್ಲ, ಮಂತ್ರಿಗೆ ರಾಜಕೀಯದ ಪಟ್ಟುಗಳು ಗೊತ್ತಿರಲಿಲ್ಲ. 1793ರ ಜನವರಿಯಲ್ಲಿ 16ನೇ ಲೂಯಿಗೆ ವಿಧಿಸಿದ ಮರಣದಂಡನೆಯನ್ನು ಜಾರಿ ಮಾಡಿದ ಮಂತ್ರಿಮಂಡಲದಲ್ಲಿ ಅವನೂ ಇದ್ದ. ರಾಜಮನೆತನದವರು ಇದನ್ನು ಮರೆಯಲಿಲ್ಲ. ಏಪ್ರಿಲ್ ಹೊತ್ತಿಗೆ ಮಂತ್ರಿಗಿರಿ ಬಿಟ್ಟ.

ಅವನ ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಯುರೋಪಿನ ಅರಸರೆಲ್ಲ ಸೇರಿ ಫ್ರಾನ್ಸಿನ ಮೇಲೆ ಬಿದ್ದಿದ್ದರು. 1793ರ ಆಗಸ್ಟ್‌ನಲ್ಲಿ ಗಣರಾಜ್ಯ ಇಡೀ ದೇಶದ ಜನರನ್ನು ಯುದ್ಧಕ್ಕೆ ಕರೆಯಿತು. ಸೈನಿಕರಿದ್ದಾರೆ, ಫಿರಂಗಿ ಇಲ್ಲ. ಉಕ್ಕು ಹೊರದೇಶದಿಂದ ಬರಬೇಕು, ಬರುವುದಿಲ್ಲ. ಚರ್ಚಿನ ಗಂಟೆಗಳನ್ನು ಕರಗಿಸಿದರು, ನೆಲಮಾಳಿಗೆಗಳ ಮಣ್ಣು ಕೆರೆದು ಮದ್ದಿನ ಉಪ್ಪು ತೆಗೆದರು. ಮೊಂಜ್ ಕಾರ್ಖಾನೆಯಿಂದ ಕಾರ್ಖಾನೆಗೆ ಓಡಾಡಿದ. ಇಬ್ಬರು ಗೆಳೆಯ ವಿಜ್ಞಾನಿಗಳ ಜೊತೆ ಸೇರಿ ಉಕ್ಕು ಮಾಡುವುದು ಹೇಗೆ ಅಂತ ಕಬ್ಬಿಣದ ಕೆಲಸಗಾರರಿಗಾಗಿಯೇ ಕಿರುಹೊತ್ತಗೆ ಬರೆದ. ಫಿರಂಗಿ ತಯಾರಿಕೆಯ ಬಗ್ಗೆ ಚಿತ್ರಪಟಗಳಿರುವ ದೊಡ್ಡ ಪುಸ್ತಕವನ್ನೇ ಬರೆದ. 1794ರಲ್ಲಿ ಜಿಲ್ಲೆ ಜಿಲ್ಲೆಯಿಂದ ಕರೆಸಿದ ಯುವಕರಿಗೆ ಪ್ಯಾರಿಸ್ಸಿನಲ್ಲಿ ಕೆಲವೇ ವಾರಗಳ ತರಬೇತಿ ಕೊಟ್ಟು, ಕಲಿತದ್ದನ್ನು ಊರಲ್ಲಿ ಹರಡಿ ಅಂತ ವಾಪಸು ಕಳಿಸಿದರು.

ಒಂದೇ ಚಿತ್ರ ನೋಡಿ ಹತ್ತು ಊರಿನ ಹತ್ತು ಎರಕದ ಮನೆಗಳು ಒಂದೇ ತರಹದ ಫಿರಂಗಿ ಮಾಡಬೇಕು. ಗುಟ್ಟು ಕಾಯುವ ಐಷಾರಾಮ ಈಗ ಇರಲಿಲ್ಲ.

ಇದೇ ವರ್ಷ ಮೇ ತಿಂಗಳಲ್ಲಿ ರಸಾಯನಶಾಸ್ತ್ರಜ್ಞ ಲವಾಸಿಯೇ ಗಿಲೊಟಿನ್‌ಗೆ ಬಲಿಯಾದ. ಮೊಂಜ್‌ನ ಹಳೆಯ ಸಹೋದ್ಯೋಗಿ. ಅಧಿಕಾರದ ಹತ್ತಿರವಿದ್ದ ವಿಜ್ಞಾನಿಗಳು ಅವನನ್ನು ಉಳಿಸಲಿಲ್ಲ, ಅವರಲ್ಲಿ ಮೊಂಜ್ ಕೂಡ ಒಬ್ಬ. ಅವನ ಅಭಿಮಾನಿಗಳು ಇದನ್ನು ದಾಟಿಕೊಂಡು ಹೋಗುತ್ತಾರೆ. ದಾಟಬಾರದು.

1795ರ ಜನವರಿ. ಶಿಕ್ಷಕರನ್ನು ತಯಾರು ಮಾಡಲು ಪ್ಯಾರಿಸ್ಸಿನಲ್ಲಿ ಎಕೋಲ್ ನೊರ್ಮಾಲ್ ಶುರುವಾಯಿತು. ದೇಶದ ಎಲ್ಲ ಕಡೆಯಿಂದ ಬಂದ ಸಾವಿರಕ್ಕೂ ಹೆಚ್ಚು ಜನರ ಮುಂದೆ ನಿಂತು ಮೊಂಜ್ ಮೆಝಿಯೇರ್‌ನ ಗುಟ್ಟನ್ನು ಬಹಿರಂಗವಾಗಿ ಬಿಚ್ಚಿದ. ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಅಚ್ಚು ಹಾಕಿದರು, 1799ರಲ್ಲಿ ಅದು ಪುಸ್ತಕವಾಯಿತು. ಈ ವಿದ್ಯೆ ಬರೀ ಇಂಜಿನಿಯರಿಗಲ್ಲ, ಯೋಜನೆ ಹಾಕುವವನಿಂದ ಹಿಡಿದು ಕೈಯಿಂದ ಮಾಡುವವನವರೆಗೆ ಎಲ್ಲರಿಗೂ ಬೇಕಾದ ಒಂದು ಭಾಷೆ ಅನ್ನುವುದು ಅವನ ವಾದ. ಈ ಭಾಷೆ ಬಂದರೆ ಫ್ರಾನ್ಸ್ ಬೇರೆ ದೇಶಗಳ ಕೈಗಾರಿಕೆಯ ಹಂಗಿನಿಂದ ಬಿಡುಗಡೆ ಹೊಂದುತ್ತೆ ಅಂತಲೂ ನಂಬಿದ್ದ. ಸುಮಾರು 30 ವರ್ಷ ಬಾಯಿ ಕಟ್ಟಿಕೊಂಡು ಇದ್ದವನು ಆ ದಿನ ಮಾತಾಡಿದ ಖುಷಿಯನ್ನು ಊಹಿಸಬಹುದು. ಅವನ ಪಾಠದ ಬಗ್ಗೆ ಶಿಷ್ಯರು ನೆನೆಯುವುದು ಅವನ ಕೈಗಳನ್ನು: ಗಾಳಿಯಲ್ಲಿ ಕೈಯಾಡಿಸಿ ಕಾಣದ ಮೇಲ್ಮೈಗಳನ್ನು ಕಾಣುವಂತೆ ಮಾಡುತ್ತಿದ್ದನಂತೆ.

ಅದೇ ಹೊತ್ತಿನಲ್ಲಿ ಅವನು ಮುಂದೆ ನಿಂತು ಕಟ್ಟಿದ್ದು ಎಕೋಲ್ ಪಾಲಿಟೆಕ್ನಿಕ್. 1794ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ ಮರುವರ್ಷ ಈ ಹೆಸರು ಪಡೆಯಿತು. ಪ್ರವೇಶಕ್ಕೆ ಮನೆತನ ಕೇಳುವಂತಿಲ್ಲ, ಸ್ಪರ್ಧಾ ಪರೀಕ್ಷೆ ಮಾತ್ರ. ಓದುವವರಿಗೆ ಸರ್ಕಾರವೇ ಸಂಬಳ ಕೊಡುತ್ತಿತ್ತು. ಎರಡು ಬಾಗಿಲಿನ ಶಾಲೆಯಿಂದ ಬಂದವನು ಒಂದೇ ಬಾಗಿಲಿನ ಶಾಲೆ ಕಟ್ಟಿದ. ಹೆಣ್ಣುಮಕ್ಕಳಿಗೆ ಮಾತ್ರ ಆ ಬಾಗಿಲು ತೆರೆಯಲು 1972ರ ತನಕ ಕಾಯಬೇಕಾಯಿತು ಅನ್ನುವುದು ಗೊತ್ತಿರಲಿ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಲೀಸಾದ ಹೀರೋ ಕತೆ. ಆದರೆ 1796ರಲ್ಲಿ ಮೊಂಜ್ ಇಟಲಿಗೆ ಹೋದ, ಅಲ್ಲಿ ಬೋನಪಾರ್ಟ್‌ಗೆ ಮರುಳಾದ. ಹೋದದ್ದು ಏನು ಮಾಡಲಿಕ್ಕೆ? ಗೆದ್ದ ಊರುಗಳಿಂದ ಚಿತ್ರ, ಶಿಲ್ಪ, ಹಸ್ತಪ್ರತಿಗಳನ್ನು ಆರಿಸಿ ಪ್ಯಾರಿಸ್ಸಿಗೆ ಸಾಗಿಸುವ ಸಮಿತಿಯ ಸದಸ್ಯನಾಗಿ. ಸ್ವಾತಂತ್ರ್ಯ ಕೊಡಲು ಬಂದಿದ್ದೇವೆ ಅನ್ನುತ್ತ ಗೋಡೆಯ ಚಿತ್ರ ಇಳಿಸಿಕೊಂಡು ಹೋಗುವುದಕ್ಕೆ ಲೂಟಿ ಅಂತಲೇ ಹೆಸರು. ಜ್ಞಾನ ಎಲ್ಲರದು ಅಂದವನಿಗೆ ಅದು ರೋಮಿನ ಜನರದೂ ಹೌದು ಅನ್ನಿಸಲಿಲ್ಲ.

1798ರಲ್ಲಿ ಈಜಿಪ್ಟ್. ಸೈನ್ಯದ ಜೊತೆ ನೂರೈವತ್ತಕ್ಕೂ ಹೆಚ್ಚು ವಿದ್ವಾಂಸರು, ಇಂಜಿನಿಯರುಗಳು. ಕೈರೋದಲ್ಲಿ ಕಟ್ಟಿದ ಈಜಿಪ್ಟ್ ಸಂಸ್ಥೆಗೆ ಮೊಂಜ್ ಅಧ್ಯಕ್ಷ, ಬೋನಪಾರ್ಟ್ ಉಪಾಧ್ಯಕ್ಷ. ಮರಳುಗಾಡಿನಲ್ಲಿ ಬಾಯಾರಿದ ಸೈನಿಕರಿಗೆ ಕಂಡ ಬಿಸಿಲ್ಗುದುರೆಗೆ ಮೊಂಜ್ ಬೆಳಕಿನ ಶಾಸ್ತ್ರದ ವಿವರಣೆ ಕೊಟ್ಟ. ಅಕ್ಟೋಬರಿನಲ್ಲಿ ಕೈರೋದ ಜನ ದಂಗೆಯೆದ್ದರು, ಅದನ್ನು ಫಿರಂಗಿಗಳಿಂದ ಅಡಗಿಸಿದರು. ಫಿರಂಗಿ ಹೇಗೆ ಎರೆಯಬೇಕೆಂದು ಗಣರಾಜ್ಯ ಉಳಿಸಲು ಬರೆದಿದ್ದವನು ಅದೇ ಊರಿನಲ್ಲಿದ್ದ.

ನಮ್ಮ ಕಡೆಗೂ ಇಲ್ಲೊಂದು ಎಳೆ ಇದೆ. ಈ ದಂಡಯಾತ್ರೆಯ ಗುರಿಗಳಲ್ಲಿ ಬ್ರಿಟಿಷರ ಭಾರತದ ದಾರಿ ಕಡಿಯುವುದೂ ಒಂದು. 1799ರ ಜನವರಿಯಲ್ಲಿ ಬೋನಪಾರ್ಟ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಕಾಗದ ಬರೆದ. ಅದು ಶ್ರೀರಂಗಪಟ್ಟಣ ತಲುಪುವ ಮುನ್ನ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಟಿಪ್ಪು ಕೋಟೆಯಲ್ಲೇ ಹೋರಾಡಿ ಮಡಿದ. ಆಗಸ್ಟ್‌ನಲ್ಲಿ ಬೋನಪಾರ್ಟ್ ಸೈನ್ಯವನ್ನು ಅಲ್ಲೇ ಬಿಟ್ಟು ಸದ್ದಿಲ್ಲದೆ ಫ್ರಾನ್ಸಿಗೆ ಹೊರಟ. ಜೊತೆಗೆ ಕರೆದೊಯ್ದ ಕೆಲವರಲ್ಲಿ ಮೊಂಜ್ ಒಬ್ಬ.

ಸೆನೆಟರ್ ಆದ. 1808ರಲ್ಲಿ ಕೌಂಟ್ ಬಿರುದು ಪಡೆದ. ಕುಲೀನರ ಬಾಗಿಲು ಮುರಿದವನು ಕುಲೀನನಾದ. ಒಂದೇ ವಿಷಯದಲ್ಲಿ ಅವನು ಒಡೆಯನಿಗೆ ಎದುರಾಡಿದ: ಪಾಲಿಟೆಕ್ನಿಕ್. 1804ರಲ್ಲಿ ನೆಪೋಲಿಯನ್ ಅದನ್ನು ಸೇನಾಶಾಲೆಯನ್ನಾಗಿ ಮಾಡಿದ, ಮರುವರ್ಷ ಶುಲ್ಕವನ್ನೂ ಹೇರಿದ. ಮೊಂಜ್‌ಗೆ ಇದು ಒಪ್ಪಿಗೆಯಾಗಲಿಲ್ಲ, ತಡೆಯುವುದಕ್ಕೂ ಆಗಲಿಲ್ಲ. ಶಾಲೆಯಿಂದ ತನಗೆ ಬರುತ್ತಿದ್ದ ಹಣವನ್ನು ಶುಲ್ಕ ಕಟ್ಟಲಾಗದ ಹುಡುಗರಿಗೆ ಕೊಡುತ್ತಿದ್ದ ಅಂತ ಶಿಷ್ಯರು ನೆನೆಯುತ್ತಿದ್ದರು. ಒಳ್ಳೆಯತನವೇನೋ ಹೌದು. ಆದರೆ ಹಕ್ಕಾಗಿದ್ದದ್ದು ಒಬ್ಬ ದೊಡ್ಡವನ ದಾನವಾಯಿತು.

ಇಲ್ಲಿ ಮತ್ತೆ ಕ್ಯಾಡ್ ಪರದೆಗೆ ಬರುತ್ತೇನೆ. ಸ್ಕೆಲಿಟನ್ ಪದ್ಧತಿಯ ಗುಣವೂ ಅಪಾಯವೂ ಒಂದೇ: ಎಲ್ಲರೂ ಒಂದೇ ಕಡೆ ನೋಡುತ್ತಾರೆ. ಆ ಮೂಲಚಿತ್ರ ಎಲ್ಲರಿಗೂ ತೆರೆದಿದ್ದರೆ ಫೋರ್ಕ್ ಮಾಡುವವಳಿಗೆ ಸೀಟಿನ ಎತ್ತರ ಯಾಕೆ ಹಾಗಿದೆ ಅಂತ ಗೊತ್ತಾಗುತ್ತೆ, ಪ್ರಶ್ನೆ ಕೇಳಬಹುದು. ತೆರೆದಿಲ್ಲದಿದ್ದರೆ ಅವಳಿಗೆ ಬರುವುದು ತನ್ನ ಭಾಗದ ಗಡಿರೇಖೆ ಮಾತ್ರ. ಮೇಲೆ ಯಾರೋ ಒಂದು ಅಂಕಿ ಬದಲಿಸಿದರೆ ಅವಳ ವಾರದ ಕೆಲಸ ರಾತ್ರೋರಾತ್ರಿ ಬೇರೆ ಆಕಾರ ತಾಳಿರುತ್ತೆ. ಬೆಂಗಳೂರಿನಲ್ಲಿ ಕೂತು ಹೊರದೇಶದ ಕಾರಿನ ಬಾಗಿಲಿನ ಒಂದು ಬ್ರಾಕೆಟ್ ಮಾಡುವವರಿಗೆ ಈ ಅನುಭವ ಹೊಸದೇನಲ್ಲ. ಪಂಜರವನ್ನು ಓದಬಹುದು, ತಿದ್ದುವಂತಿಲ್ಲ. ಎಷ್ಟೋ ಸಲ ಓದುವಂತೆಯೂ ಇಲ್ಲ. ಅದು ಕುಳಿತಿರುವ ಸಾಫ್ಟ್‌ವೇರಿನ ಲೈಸೆನ್ಸು ಸಣ್ಣ ವರ್ಕ್‌ಶಾಪಿನವನ ಕೈಗೆ ಎಟುಕುವುದಿಲ್ಲ. ಮೆಝಿಯೇರ್‌ನ ಗೋಡೆ ಬಿದ್ದಿಲ್ಲ, ಜಾಗ ಬದಲಿಸಿದೆ ಅಂತ ನನಗೆ ಅನ್ನಿಸುತ್ತೆ. ನೆಲದ ಮೇಲೆ ಕಮಾನು ಎಳೆಯುತ್ತಿದ್ದ ಕಲ್ಲುಕುಟಿಗನಿಗೆ ಇಡೀ ಕಮಾನು ಕಾಣುತ್ತಿತ್ತು ಅನ್ನುವುದನ್ನೂ ಸೇರಿಸಬೇಕು. ಮೊಂಜ್‌ನ ಭಾಷೆ ಅವನನ್ನು ಬಿಡುಗಡೆ ಮಾಡಿತೋ, ಅವನ ಕೈಯಿಂದ ಚಿತ್ರವನ್ನು ಕಸಿದು ಕಚೇರಿಗೆ ಒಯ್ದಿತೋ? ಎರಡೂ ಆಯಿತು.

ವಿದ್ಯೆಯಂತೂ ಹರಡಿತು. ಪಾಲಿಟೆಕ್ನಿಕ್‌ನಲ್ಲಿ ಓದಿ ನೆಪೋಲಿಯನ್ನನ ಸೈನ್ಯದಲ್ಲಿದ್ದ ಕ್ಲೋಡ್ ಕ್ರೋಝೆ ಅಮೆರಿಕಕ್ಕೆ ಹೋಗಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಅದನ್ನು ಕಲಿಸಿದ, 1821ರಲ್ಲಿ ಇಂಗ್ಲಿಷಿನಲ್ಲಿ ಪಠ್ಯವನ್ನೂ ಬರೆದ. ಮುಂದೆ ಅದು ಜಗತ್ತಿನ ಇಂಜಿನಿಯರಿಂಗ್ ತರಗತಿಗಳಿಗೆಲ್ಲ ತಲುಪಿ, ನಮ್ಮ ಹಾಳೆಯ ಎಕ್ಸ್-ವೈ ಆಯಿತು.

1815ರಲ್ಲಿ ವಾಟರ್‌ಲೂ ಸೋಲು. ಬೂರ್ಬೋನ್ ಅರಸರು ವಾಪಸು ಬಂದರು. 1816ರ ಮಾರ್ಚ್‌ನಲ್ಲಿ ಅಕಾಡೆಮಿಯಿಂದ ಮೊಂಜ್ ಹೆಸರನ್ನು ಹೊಡೆದುಹಾಕಿದರು, ಅವನ ಜಾಗದಲ್ಲಿ ರಾಜನಿಷ್ಠನಾದ ಯುವ ಗಣಿತಜ್ಞ ಕೋಶಿ ಕೂತ. ಪಾಲಿಟೆಕ್ನಿಕ್‌ನ ಹುಡುಗರು ತಿರುಗಿಬಿದ್ದರು ಅಂತ ಮರುತಿಂಗಳೇ ಶಾಲೆಯನ್ನು ಮುಚ್ಚಿ, ವಿದ್ಯಾರ್ಥಿಗಳನ್ನೆಲ್ಲ ಮನೆಗೆ ಕಳಿಸಿದರು. ಮತ್ತೆ ತೆರೆದದ್ದು ಹೊಸ ನಿಯಮಗಳೊಂದಿಗೆ. ಮುದುಕನ ಆರೋಗ್ಯ ಕೆಟ್ಟಿತ್ತು, ಬುದ್ಧಿಯೂ ಮಂಕಾಗಿತ್ತು.

1818ರ ಜುಲೈ 28ರಂದು ಮೊಂಜ್ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಶವಯಾತ್ರೆಗೆ ಹೋಗಲು ಅನುಮತಿ ಕೊಡಿ ಅಂತ ಪಾಲಿಟೆಕ್ನಿಕ್‌ನ ವಿದ್ಯಾರ್ಥಿಗಳು ಕೇಳಿದರು. ಸರ್ಕಾರ ಕೊಡಲಿಲ್ಲ. ಫ್ರಾನ್ಸ್ ಅವನ ಅವಶೇಷಗಳನ್ನು ಸಕಲ ಮರ್ಯಾದೆಯೊಂದಿಗೆ ಪ್ಯಾಂಥಿಯನ್‌ಗೆ ಒಯ್ದದ್ದು ಕ್ರಾಂತಿಯ 200ನೇ ವರ್ಷವಾದ 1989ರಲ್ಲಿ. 1818ರ ಆ ಹುಡುಗರು ಅಷ್ಟು ಕಾಯಲಿಲ್ಲ. ಶವಯಾತ್ರೆ ಮುಗಿದ ಮೇಲೆ, ಅವರಿಗೆ ರಜೆ ಸಿಕ್ಕ ಮೊದಲ ದಿನವೇ ಎಲ್ಲರೂ ಒಟ್ಟಾಗಿ ಪೇರ್ ಲಶೇಸ್ ಸ್ಮಶಾನಕ್ಕೆ ನಡೆದು ಹೋಗಿ ಅವನ ಸಮಾಧಿಯ ಮುಂದೆ ನಿಂತರು.